ಕುದಿಸಿದ ಕೊಂಬು

ಸರಿಯಾದ ಕೆಲಸವನ್ನು ಸರಿಯಾದ ರೀತಿಯಲ್ಲಿ ಮಾಡಿಯೂ ಮನೆ ಕೆಡಿಸಬಹುದು ಎಂಬುದು ನನಗೆ ತಿಳಿದದ್ದು ನಲವತ್ತನೆಯ ವಯಸ್ಸಿನಲ್ಲಿ, ಅಡುಗೆಮನೆಯ ಒಲೆಯ ಮುಂದೆ. ಅಷ್ಟು ಹೊತ್ತಿಗೆ ನಾನು ಹಾಸನದಲ್ಲಿ ದಿನಪತ್ರಿಕೆಯೊಂದರ ವರದಿಗಾರನಾಗಿ ಹದಿನೈದು ವರ್ಷ ಕಳೆದಿದ್ದೆ. ಬೇಸಿಗೆ ಬಂತೆಂದರೆ ಆರೋಗ್ಯದ ಕಚೇರಿಯಿಂದ ಒಂದು ಪ್ರಕಟಣೆ ಬರುತ್ತಿತ್ತು: ನೀರನ್ನು ಕುದಿಸಿ ಆರಿಸಿ ಕುಡಿಯಿರಿ, ಪಾತ್ರೆಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಿರಿ. ಒಂದು ವರ್ಷ ಹೊಳೆನರಸೀಪುರದ ಜನರಿಗೆ, ಇನ್ನೊಂದು ವರ್ಷ ಚನ್ನರಾಯಪಟ್ಟಣದ ಜನರಿಗೆ ಎಂದು ತಲೆಬರಹ ಬದಲಿಸಿ ನಾನು ಅದನ್ನೇ ಕಳಿಸುತ್ತಿದ್ದೆ. ಬರೆದೂ ಬರೆದೂ ಕುದಿಸುವುದು ನನ್ನ ಕೈಗೆ ಅಂಟಿದ ಚಟವಾಯಿತು. ಮಕ್ಕಳ ಸ್ಲೇಟು ಬಳಪ ಬಿಟ್ಟು ಮನೆಯಲ್ಲಿ ನಾನು ಕುದಿಸದ ವಸ್ತುವಿಲ್ಲ ಎಂದು ನನ್ನ ಹೆಂಡತಿ ಜಯಮ್ಮ ಬಂದ ನೆಂಟರಿಗೆಲ್ಲ ಹೇಳುತ್ತಿದ್ದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಕೊಂಬು ನಮ್ಮ ಮಾವ ಬೋರಪ್ಪನವರದು. ಅರಕಲಗೂಡಿನ ಕಡೆಯವರು. ಅವರ ಮನೆಯಲ್ಲಿ ತಲೆಮಾರುಗಳಿಂದ ಒಂದು ಕಾಡುಕೋಣದ ಕೊಂಬು ಇತ್ತು. ಕರ್ರಗೆ ಮಿರುಗುವ, ಮೊಳಕ್ಕಿಂತ ಸ್ವಲ್ಪ ಚಿಕ್ಕದಾದ, ಬಾಯಿಗೆ ಹಿತ್ತಾಳೆಯ ಪಟ್ಟಿ ಹಾಕಿದ ಕೊಂಬು. ಮನೆಯ ಹಿರಿಯ ಗಂಡಸು ಅದರಲ್ಲಿ ಮಜ್ಜಿಗೆ ಕುಡಿಯುವುದು ಪದ್ಧತಿ. ಆ ಕೋಣವನ್ನು ಕೊಂದವರು ಯಾರು ಎಂದು ಕೇಳಿದರೆ ಮೂರು ಜನ ಮೂರು ಕಥೆ ಹೇಳುತ್ತಿದ್ದರು. ಮೂವರಲ್ಲಿ ಒಬ್ಬರೂ ಕಣ್ಣಾರೆ ಕಂಡವರಲ್ಲ. ಆದ್ದರಿಂದ ನನ್ನ ಮಟ್ಟಿಗೆ ಅದು ತಾನಾಗಿಯೇ ಸತ್ತ ಕೋಣ.

ಅನುಕೂಲದ ದೃಷ್ಟಿಯಿಂದ ನೋಡಿದರೆ ಅಷ್ಟು ಕೆಟ್ಟ ಪಾತ್ರೆ ಇನ್ನೊಂದಿಲ್ಲ. ಕೆಳಗಿಟ್ಟರೆ ನಿಲ್ಲುವುದಿಲ್ಲ, ಉರುಳುತ್ತದೆ. ತುದಿಯವರೆಗೆ ಕೈ ಹೋಗುವುದಿಲ್ಲವಾದ್ದರಿಂದ ತೊಳೆಯುವುದೆಂದರೆ ನೀರು ಹಾಕಿ ಅಲ್ಲಾಡಿಸುವುದು, ಮಿಕ್ಕದ್ದು ದೇವರ ಮೇಲೆ ಭಾರ. ಬಿಸಿ ಕಾಫಿ ಹೊಯ್ದರೆ ಕೂದಲು ಸುಟ್ಟ ವಾಸನೆ. ಮದುವೆಯಾದ ಹೊಸದರಲ್ಲಿ ಮಾವ ನನಗೂ ಒಂದು ಸಲ ಅದರಲ್ಲಿ ಮಜ್ಜಿಗೆ ಕೊಡಿಸಿದರು. ಎಲ್ಲಿಡುವುದೆಂದು ತಿಳಿಯದೆ ಒಂದೇ ಉಸಿರಿಗೆ ಕುಡಿದೆ. ಬರಿದಾದ ಕೊಂಬು ಕೈಯಲ್ಲಿದ್ದರೆ ಇನ್ನೂ ಬೇಕೆಂದು ಅರ್ಥವಂತೆ. ಅತ್ತೆ ಮತ್ತೆ ತುಂಬಿದರು. ಮೂರನೆಯ ಸಲಕ್ಕೆ ಮಾವನೇ ಕನಿಕರದಿಂದ, "ಮಗುಚಿ ಇಡ್ಕಳಿ ಅಳಿಯಂದ್ರೇ, ಇಲ್ದಿದ್ರೆ ನಮ್ಮವ್ಳು ಕೆರೆ ಬತ್ತೋದ್ರೂ ನಿಲ್ಸಾಕಿಲ್ಲ" ಎಂದರು. ಅಂದು ರಾತ್ರಿ ನನ್ನ ಹೊಟ್ಟೆ ಪಟ್ಟ ಪಾಡನ್ನು ವರದಿ ಮಾಡುವ ಅಗತ್ಯವಿಲ್ಲ.

ಅತ್ತೆ ತೀರಿಕೊಂಡ ಮೂರನೆಯ ವರ್ಷ ಮಾವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು, ಬಾಯಿ ಒಂದು ಕಡೆ ಜೋತಿತು. ಹಾಸನದ ನಮ್ಮ ಮನೆಗೆ ಕರೆತಂದೆವು. ಜಯಮ್ಮ ಆಗಷ್ಟೇ ಪೇಟೆಗೆ ಬಂದಿದ್ದ ಸ್ಟೀಲು ಲೋಟದಲ್ಲಿ ಗಂಜಿ ಕುಡಿಸಲು ನೋಡಿದಳು. ಬಾಯಿಂದ ಸೋರಿ ಕುತ್ತಿಗೆಗೆ ಇಳಿಯಿತು. ಚಮಚ ತಂದರೆ ಹಲ್ಲು ಕಚ್ಚಿದರು. ಹಸುಗೂಸಿಗೆ ಹಾಲು ಹಾಕುವ ಒಳಲೆ ತಂದಾಗಲಂತೂ ಗೋಡೆಯ ಕಡೆ ತಿರುಗಿ, ತೊದಲುತ್ತಲೇ, "ನಂಗೇನ್ ನಾಮಕರಣ ಮಾಡೀಯೇನವ್ವಾ?" ಎಂದರು. ಎರಡು ದಿನ ಹನಿ ನೀರು ಒಳಗೆ ಹೋಗಲಿಲ್ಲ. ಡಾಕ್ಟರು ನಾಡಿ ಹಿಡಿದು ನೋಡಿ, "ಹೊಟ್ಟೆಗೆ ಏನಾದರೂ ಹೋದರೆ ಉಳಿಯುತ್ತಾರೆ. ಹೋಗದಿದ್ದರೆ ನನ್ನ ಔಷಧಿ ಏನೂ ಮಾಡುವುದಿಲ್ಲ" ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದರು.

ಜಯಮ್ಮ ಮರುದಿನದ ಮೊದಲ ಬಸ್ಸಿಗೆ ಅರಕಲಗೂಡಿಗೆ ಹೋಗಿ ಕೊಂಬನ್ನು ಸೀರೆಯಲ್ಲಿ ಸುತ್ತಿಕೊಂಡು ಬಂದಳು. ಅದರ ಬಾಗು ಮಾವನ ಎಡ ಮುಂಗೈಯ ಮೇಲೆ ಕೂತಿತು, ಬಾಯಿ ತುಟಿಯ ಗಟ್ಟಿಯಿದ್ದ ಮೂಲೆಗೆ ಸರಿಯಾಗಿ ಸೇರಿತು. ಮಾವ ತಾವೇ, ಯಾರ ಸಹಾಯವೂ ಇಲ್ಲದೆ, ನಿಧಾನವಾಗಿ ಗಂಜಿಯಷ್ಟನ್ನೂ ಕುಡಿದರು. ಒಂದು ಹನಿ ಚೆಲ್ಲಲಿಲ್ಲ. ಅನುಕೂಲದ ಬಗ್ಗೆ ಮೇಲೆ ನಾನು ಬರೆದದ್ದೆಲ್ಲ ಎರಡೂ ಕೈ ಆಡುವವರ ಮಾತು ಎಂದು ಆಗ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ. ಹದಿನೈದು ದಿನದಲ್ಲಿ ಅವರ ಕೆನ್ನೆ ತುಂಬಿತು, ನಾಲಿಗೆ ಮೊದಲಿನ ಹರಿತಕ್ಕೆ ಬಂತು. "ಪೇಪರ್ನೋರು ಮನೇಲೇ ಇರ್ತೀರಲ್ಲ, ಊರಾಗೆ ಸುದ್ದಿ ಆಗಾದೇ ನಿಂತೋಯ್ತಾ?" ಎಂದು ನನ್ನನ್ನು ಕೇಳುವಷ್ಟು ಚೇತರಿಸಿಕೊಂಡರು.

ನಾನು ಅಲ್ಲಿಗೆ ಬಿಡಬಹುದಾಗಿತ್ತು. ಒಂದು ಬೆಳಿಗ್ಗೆ ಕೊಂಬನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದೆ. ಒಳಗೋಡೆಗೆ ಬಳಿದಿದ್ದ ಹಳೆಯ ಜೇನುಮೇಣ ಅಲ್ಲಲ್ಲಿ ಎದ್ದು, ಅದರ ಸಂದಿಯಲ್ಲಿ ಗಂಜಿಯ ಕರೆ ಕಟ್ಟಿತ್ತು. ಮೂಸಿದರೆ ಹುಳಿ. ಡಾಕ್ಟರನ್ನು ಕೇಳಿದೆ. ಅವರು ಏನನ್ನೋ ಬರೆಯುತ್ತ ತಲೆಯೆತ್ತದೆ, "ಶುಚಿಯಾಗಿಟ್ಟುಕೊಳ್ಳಿ" ಎಂದರು. ಅಷ್ಟೇ ಅವರು ಹೇಳಿದ್ದು. ಮಿಕ್ಕ ವಾಕ್ಯವನ್ನು ಹದಿನೈದು ವರ್ಷದ ಅಭ್ಯಾಸಬಲದಿಂದ ನಾನು ಪೂರ್ತಿಮಾಡಿದೆ.

ಜಯಮ್ಮ ನೀರು ತರಲು ಹೋಗಿದ್ದಳು. ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಕುದಿ ಬಂದ ಮೇಲೆ ಕೊಂಬನ್ನು ಮುಳುಗಿಸಿ, ಗಡಿಯಾರ ನೋಡಿಕೊಂಡು ಅರ್ಧ ಗಂಟೆ ಕುದಿಸಿದೆ. ಹತ್ತು ನಿಮಿಷಕ್ಕೇ ಮನೆಯೆಲ್ಲ ಕೂದಲು ಸುಟ್ಟ ನಾತ ಹರಡಿತು. ಒಳಗಿನಿಂದ ಮಾವ, "ಯಾರ್ ಮನೇಲವ್ವಾ ಹೆಣ ಸುಡ್ತಾವ್ರೆ?" ಎಂದು ಕೂಗಿದರು. ರೋಗಾಣುಗಳು ಸಾಯುತ್ತಿವೆ ಎಂದುಕೊಂಡೆ. ಇಕ್ಕಳದಿಂದ ಹಿಡಿದು ಎತ್ತಿದಾಗ ಕೊಂಬು ಬೆಂದ ಸೋರೆಕಾಯಿಯಂತೆ ಬಾಗಿತು. ಇಕ್ಕಳ ಹಿಡಿದ ಕಡೆ ಬಾಯಿ ಚಪ್ಪಟೆಯಾಗಿ, ಹಿತ್ತಾಳೆಯ ಪಟ್ಟಿ ಕಳಚಿ ನೀರಿಗೆ ಬಿತ್ತು. ಆರಿದ ಮೇಲೆ ಬಾಯಿಯಿಂದ ನಡುವಿನವರೆಗೆ ಉದ್ದಕ್ಕೆ ಸೀಳಿತು. ಜಯಮ್ಮ ಬಂದು ನೋಡಿದಳು. ಬೈಯಲಿಲ್ಲ. "ಈಗ ಅಪ್ಪಯ್ಯ ಏನ್ರಲ್ಲಿ ಕುಡೀತಾರೆ ಹೇಳ್ರೀ" ಎಂದಳು. ಪ್ರಕಟಣೆಗಳೆಲ್ಲ ಕುದಿಸುವಲ್ಲಿಗೇ ಮುಗಿಯುತ್ತಿದ್ದವು.

ಚನ್ನರಾಯಪಟ್ಟಣದಲ್ಲಿ ಕೊಂಬಿನ ಬಾಚಣಿಗೆ ಮಾಡುವ ಒಬ್ಬ ಮುದುಕ ಇದ್ದಾನೆಂದು ಕೇಳಿ ಅಂದೇ ಬಸ್ಸು ಹತ್ತಿದೆ. ಅವನು ಸೀಳಿದ ಕೊಂಬನ್ನು ತಿರುಗಿಸಿ ನೋಡಿ, "ಯಾರ್ ಸಾ ಇದ್ನ ಬೇಯ್ಸಿದ್ದು? ಚೆಂದಾಗ್ ಬೇಯ್ಸವ್ರೆ" ಎಂದ. ನಾನು ನೋಟ್‌ಬುಕ್ಕು ತೆಗೆದೆ. "ನಾವು ಬಾಚಣಿಗೆಗೆ ಮೊದ್ಲು ಮಾಡಾದು ಇದ್ನೇ ಕಣ್ ಸಾ. ಬೇಯ್ಸಿದ್ರೆ ಮೆತ್ತಗಾಯ್ತದೆ, ಆಮ್ಯಾಕೆ ಚಪ್ಪಟೆ ಒತ್ತಾದು. ಅರ್ಧ ಕೆಲ್ಸ ನೀವೇ ಮಾಡ್ಕ ಬಂದೀರಿ. ಕೊಡಿ, ಎಲ್ಡು ಬಾಚಣಿಗೆ ಆಯ್ತದೆ." ಮಾವನ ತಲೆಯಲ್ಲಿ ಕೂದಲಿರಲಿಲ್ಲ ಎಂಬುದನ್ನು ನಾನು ಅವನಿಗೆ ಹೇಳಲಿಲ್ಲ. ಕುಡಿಯುವ ಕೊಂಬು ಬೇಕು ಎಂದೆ. ಇದ್ದದ್ದು ಎಮ್ಮೆಯದೊಂದು. ಅದನ್ನು ಉಜ್ಜಿ, ಒಳಗೆ ಹೊಸ ಮೇಣ ಬಳಿದು ಕೊಡಲು ನಾಲ್ಕು ದಿನ ಬೇಕು ಎಂದ. ಬಿಸಿ ಹಾಕಬಾರದು, ಒಳಗೆ ಹಾಲು ನಿಲ್ಲಗೊಡಬಾರದು, ತಣ್ಣೀರಲ್ಲಿ ತೊಳೆದು ನೆರಳಲ್ಲಿ ಮಗುಚಿ ತೂಗುಹಾಕಬೇಕು, ಮೇಣ ಎದ್ದರೆ ಕೆರೆದು ಹೊಸದು ಬಳಿಯಬೇಕು ಎಂದು ಹೇಳಿಕೊಟ್ಟ. ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮನೆಯಲ್ಲಿ ಕೆರೆಯಬೇಕಾಗಿದ್ದದ್ದು ಬೆರಳಗಲ ಮೇಣವಷ್ಟೇ.

ಆ ನಾಲ್ಕು ದಿನ ಮಾವ ಲೋಟಕ್ಕಾಗಲಿ ಚಮಚಕ್ಕಾಗಲಿ ಬಾಯಿ ತೆರೆಯಲಿಲ್ಲ. ಜಯಮ್ಮ ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತ ಕೂತಿದ್ದಳು. ನಾನು ಹತ್ತಿರ ಹೋಗಿ, "ತಪ್ಪಾಯ್ತು ಮಾವ" ಎಂದೆ. ಅವರು, "ಓಗ್ಲಿ ಬುಡಿ ಅಳಿಯಂದ್ರೇ. ನನ್ನ ಕುದ್ಸಲಿಲ್ವಲ್ಲ" ಎಂದರು. ಅದು ಅವರು ನನಗೆ ಹೇಳಿದ ಕೊನೆಯ ತಮಾಷೆ. ಹೊಸ ಕೊಂಬು ಬಂದಾಗ ಎಡಗೈಯಲ್ಲಿ ಹಿಡಿದು ಮೂಸಿ, "ಎಮ್ಮೇದು" ಎಂದರು. ಮಗಳ ಮುಖ ನೋಡಿ ಎರಡು ಗುಟುಕು ಕುಡಿದರು. ಮೂರನೆಯದು ಒಳಗೆ ಇಳಿಯಲಿಲ್ಲ. ಮರುದಿನ ಮಧ್ಯಾಹ್ನ ಹೋದರು.

ಡಾಕ್ಟರು ಸಾವಿಗೆ ಲಕ್ವ ಕಾರಣವೆಂದು ಬರೆದುಕೊಟ್ಟರು. ಜಯಮ್ಮ ಕಾಗದವನ್ನು ಓದಿ, ಮಡಿಸಿ, ನನ್ನ ಕೈಗಿಟ್ಟು ಒಳಗೆ ಹೋದಳು. ತಿಥಿ ಮುಗಿದ ಮೇಲೆ, ಬೇರೆ ಮನೆಗಳಲ್ಲೂ ಇಂಥ ಕೊಂಬುಗಳಿವೆಯಲ್ಲ ಎಂಬ ಕಳಕಳಿಯಿಂದ, ಬಾಚಣಿಗೆಯ ಮುದುಕ ಹೇಳಿದ್ದನ್ನೆಲ್ಲ ಸೇರಿಸಿ ಪತ್ರಿಕೆಗೆ ಒಂದು ಲೇಖನ ಬರೆದೆ. ಕೊಂಬಿನ ಪಾತ್ರೆಯಿಂದ ಅಪಾಯವೆಷ್ಟು, ಕಾಪಾಡುವುದು ಹೇಗೆ, ಎಲ್ಲವೂ ಅದರಲ್ಲಿತ್ತು. ಕೊನೆಯ ಸಾಲನ್ನು ಅಭ್ಯಾಸದಂತೆ ಆಸ್ಪತ್ರೆಯಲ್ಲೂ ಆರೋಗ್ಯದ ಕಚೇರಿಯಲ್ಲೂ ವಿಚಾರಿಸಿ ಬರೆದೆ: "ಕೊಂಬಿನಲ್ಲಿ ಕುಡಿದು ಯಾರಾದರೂ ಸತ್ತ ವರದಿ ಈ ಜಿಲ್ಲೆಯಲ್ಲಿ ಇದುವರೆಗೆ ಇಲ್ಲ." ಸಂಪಾದಕರು ಅದರಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ. ತಿದ್ದುವಂಥದ್ದು ಏನೂ ಇರಲಿಲ್ಲ. ಕುಡಿಯಲು ಕೊಂಬಿಲ್ಲದೆ ಸತ್ತವರ ಲೆಕ್ಕವನ್ನು ನಾನು ಯಾರನ್ನೂ ಕೇಳಿರಲಿಲ್ಲ.