ಚೆಂಡು ಹೂವಿನ ಮಡಿಗೆ ನನ್ನ ಮುಂದಾಳತ್ವ

ನಾನು ರೈತರ ಮನೆಯವನು. ಹೈದರಾಬಾದಿಗೆ ಬಂದ ಇಪ್ಪತ್ತು ವರ್ಷವೂ ಈ ಮಾತನ್ನು ಹೇಳಿಕೊಂಡೇ ಬಂದಿದ್ದೆ. ಯಾರೂ ಪರೀಕ್ಷೆ ಮಾಡಿರಲಿಲ್ಲ! ವಿಜಾಪುರದ ಕಡೆ ನಮ್ಮಜ್ಜನಿಗೆ ಹೊಲ ಇದ್ದದ್ದು ನಿಜ. ಅದನ್ನು ನಾನು ನೋಡಿದ್ದೂ ನಿಜ. ಬಸ್ಸಿನ ಕಿಟಕಿಯಿಂದ.

ಆಂಧ್ರ ಇನ್ನೂ ಒಂದೇ ಇದ್ದ ಕಾಲ. ಕೇಂದ್ರ ಸರಕಾರದ ಕಾರ್ಖಾನೆಯೊಂದರಲ್ಲಿ ನನ್ನದು ಫೈಲು ನೋಡುವ ಕೆಲಸ. ಮಳೆಗಾಲದ ಒಂದು ಶನಿವಾರ ಹೆಂಡತಿ ಶಾರದಾ ಮತ್ತು ಮಗಳು ಪಲ್ಲವಿಯೊಡನೆ ಪಟಾನ್‌ಚೆರು ದಾಟಿ, ಜಹೀರಾಬಾದಿನ ಹತ್ತಿರದ ಒಂದು ತೋಟದ ಮನೆಗೆ ಹೋದೆ. ಪೇಟೆಯವರು ಎರಡು ದಿನ ಉಳಿದು, ರೊಟ್ಟಿ ತಿಂದು, ಹೊಲದ ಕೆಲಸ ಮಾಡಿ ಆನಂದಪಡುವ ಜಾಗ ಅದು.

ಒಡತಿ ಮಲ್ಲಮ್ಮ ಕನ್ನಡದವರು. ಹೈದರಾಬಾದಿನದೇ ಮೆಹದಿಪಟ್ಟಣಂನಿಂದ ಇನ್ನೆರಡು ಕುಟುಂಬಗಳೂ ಬಂದಿದ್ದವು. ನಾಷ್ಟಾ ಆದ ಮೇಲೆ ಮಲ್ಲಮ್ಮ ಎಲ್ಲರನ್ನೂ ಚೆಂಡು ಹೂವಿನ ಮಡಿಗೆ ಕರೆದೊಯ್ದರು. ದಸರೆಗೆ ಹೂ ಬಿಡಬೇಕಾದ ಸಸಿಗಳು, ಆಗಿನ್ನೂ ಗೇಣುದ್ದ.

"ಕಸಾ ಕೀಳೂದೈತ್ರಿ. ಸಸಿ ಯಾವುದು, ಕಸಾ ಯಾವುದು ಅಂತ ಒಂದೀಟು ನೋಡ್ಕೊಳ್ರಿ..."

"ತೋರಸಬ್ಯಾಡ್ರಿ ಅವ್ವಾರ! ನಾ ರೈತರ ಮನೀಯವ. ಇವರಿಗೆಲ್ಲಾ ನಾ ಹೇಳ್ತೀನಿ, ನೀವು ಅಡಿಗಿ ನೋಡ್ರಿ."

ಮಲ್ಲಮ್ಮ ನಂಬಿ ಒಳಗೆ ಹೋದರು. ಪಾಪ!

ನಾನು ಮಡಿಯನ್ನು ಗಂಭೀರವಾಗಿ ಪರಿಶೀಲಿಸಿದೆ. ಅಗಲ ಎಲೆಯ, ದಷ್ಟಪುಷ್ಟ ಗಿಡಗಳು ಕೆಲವು. ಸೀಳು ಸೀಳು ಎಲೆಯ ಬಡಕಲು ಗಿಡಗಳು ಬಹಳ. ಬಡಕಲಾದದ್ದು ಕಸ ಎಂದು ತೀರ್ಪು ಕೊಟ್ಟೆ. "ಯೇ ನಿಕಾಲೋ, ವೋ ರಖೋ!" ಇದನ್ನು ಕೀಳಿ, ಅದನ್ನು ಬಿಡಿ ಎಂದು ಮೆಹದಿಪಟ್ಟಣಂನವರಿಗೆ ಆಜ್ಞೆ ಹೊರಟಿತು. ಹುರುಪು ಬರಲೆಂದು ಪಂದ್ಯವನ್ನೂ ಕಟ್ಟಿದೆ. ಯಾರು ಹೆಚ್ಚು ಕೀಳುತ್ತಾರೋ ಅವರೇ ಗೆದ್ದಂತೆ!

ಪಲ್ಲವಿ ಒಂದು ಗಿಡವನ್ನು ಮೂಸಿ ನೋಡಿದಳು. "ಅಪ್ಪಾ, ಈ ಕಸದಾಗ ಚೆಂಡು ಹೂವಿನ ವಾಸನಿ ಬರಾಕತ್ತೈತಿ!"

"ಬಾಜೂಕ ಹೂವಿನ ಗಿಡ ಅದಾವಲ್ಲ, ಅದಕ್ಕ," ಎಂದು ವೈಜ್ಞಾನಿಕವಾಗಿ ಉತ್ತರಿಸಿದೆ.

"ಒಮ್ಮೆ ಅವರನ್ನ ಕೇಳಿ ಬರ್ರಿ," ಎಂದಳು ಶಾರದಾ.

"ರೈತಗ ನೀ ಹೇಳಾಕ ಬರ್ತಿ?"

ಒಂದು ತಾಸಿನಲ್ಲಿ ಮಡಿ ಸ್ವಚ್ಛವಾಯಿತು. ಚಹಾ ತಂದ ಮಲ್ಲಮ್ಮ ಕಿತ್ತ ಗಿಡಗಳ ಗುಡ್ಡೆಯನ್ನು ನೋಡಿದರು, ಮಡಿಯನ್ನು ನೋಡಿದರು, ಚಹಾದ ತಟ್ಟೆಯನ್ನು ಅಲ್ಲೇ ಕೆಳಗಿಟ್ಟರು.

"ಹೂವೆಲ್ಲಾ ಕಿತ್ತು ಕಸಾ ಉಳಿಸೀರಲ್ರೀ! ಯಾರ್ ಹೇಳಿದ್ರು?"

ಅಷ್ಟೂ ಬೆರಳುಗಳು ನನ್ನ ಕಡೆ ತಿರುಗಿದವು. ನನ್ನ ಮಗಳದೂ!

ಮಲ್ಲಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗು ಬಿಗಿದು, "ಬೇರು ಒಣಗೂದ್ರೊಳಗ ಮತ್ತ ನೆಟ್ರ ಉಳೀತಾವ, ಏಳ್ರಿ," ಎಂದರು. ಎಲ್ಲರೂ ಕೂತು ನೆಟ್ಟೆವು. ಪಶ್ಚಾತ್ತಾಪದಿಂದ ನಾನೊಬ್ಬನೇ ಒಂದು ಇಡೀ ಸಾಲು ವಹಿಸಿಕೊಂಡೆ. ಗುಡ್ಡೆಯಿಂದ ಗಟ್ಟಿಮುಟ್ಟಾದ ಗಿಡಗಳನ್ನೇ ಆರಿಸಿ, ದಾರ ಹಿಡಿದು, ನೇರವಾಗಿ ನೆಟ್ಟು, ಒಂದೊಂದಕ್ಕೂ ಚೊಂಬಿನಿಂದ ನೀರೆರೆದೆ. ಬೆನ್ನು ಬಿಲ್ಲಾಯಿತು. ಮನಸ್ಸು ಹಗುರಾಯಿತು.

ಮಲ್ಲಮ್ಮ ಬಂದು ನನ್ನ ಸಾಲಿನ ಮುಂದೆ ನಿಂತರು.

"ಸಾಲು ಭಾಳ ಚಂದ ಬಂದೈತ್ರಿ."

"ಹೌದೇನ್ರಿ?"

"ಹೌದ್ರಿ. ಆದ್ರ ಇದು ಕಾಂಗ್ರೆಸ್ ಕಸಾ! ಎಲಿ ಅಷ್ಟ ಚೆಂಡು ಹೂವಿನಂಗ ಸೀಳು ಇರ್ತೈತಿ. ಮೈಗೆ ಹತ್ತಿದ್ರ ತುರಸ್ತೈತಿ. ಇದನ್ನ ನೀರು ಹಾಕಿ ಬೆಳಸಾವ್ರು ನೀವೇ ಮೊದಲಿಗರು!"

ಇಷ್ಟು ಹೊತ್ತು ತಡೆದುಕೊಂಡಿದ್ದ ಶಾರದಾ ಬದುವಿನ ಮೇಲೆ ಕೂತುಬಿಟ್ಟು ನಕ್ಕಳು. ಮಲ್ಲಮ್ಮನೂ ನಕ್ಕರು. ಉಳಿದ ಮಡಿಯನ್ನು ಅವರಿಬ್ಬರೇ ಸಂಜೆಯೊಳಗೆ ಸರಿಮಾಡಿದರು. ನನಗೆ ಹಗ್ಗದ ಹೊರಸಿನ ಮೇಲೆ ಕೂರುವ ಶಿಕ್ಷೆಯಾಯಿತು. ಏನನ್ನೂ ಮುಟ್ಟುವಂತಿಲ್ಲ!

ಬೆಳಗಾಗುವಷ್ಟರಲ್ಲಿ ನನ್ನ ಕೈಗಳು ಕೆಂಪಾಗಿ ಊದಿಕೊಂಡಿದ್ದವು. ಬೆರಳುಗಳು ಮಿರ್ಚಿ ಬಜ್ಜಿಯಂತಿದ್ದವು. ಹೊರಡುವಾಗ ಮಲ್ಲಮ್ಮ ಅತಿಥಿಗಳು ಸಹಿ ಹಾಕುವ ರಿಜಿಸ್ಟರ್ ತಂದು, ತಮ್ಮ ಹೆಸರನ್ನು ದುಂಡಗೆ ಬರೆದು, ಪೆನ್ನನ್ನು ನನ್ನತ್ತ ಚಾಚಿದರು. ಹಿಡಿಯಲು ಹೋದೆ, ಬೆರಳು ಮಡಚಲಿಲ್ಲ. ಪೆನ್ನು ಜಾರಿ ಬಿತ್ತು. ಮತ್ತೊಮ್ಮೆ ಹಿಡಿದೆ. ಮತ್ತೊಮ್ಮೆ ಬಿತ್ತು.

ಮಲ್ಲಮ್ಮ ಒಳಗೆ ಹೋಗಿ ಇಂಕಿನ ಪ್ಯಾಡ್ ತಂದರು.

ದಿನಕ್ಕೆ ನೂರು ಫೈಲಿಗೆ ಸಹಿ ಹಾಕುವ ನಾನು, ಹೆಂಡತಿ ಮಗಳ ಎದುರಿಗೆ, ಹೆಬ್ಬೆಟ್ಟು ಒತ್ತಿ ಬಂದೆ!