ಗುತ್ತಿನ ಹೆಸರಿಗೆ ನಾನೇ ಯಜಮಾನ

ಫಾರ್ಮ್ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಮಂಗಳೂರಿನಲ್ಲಿ ಇಲ್ಲ ಎಂಬ ನಂಬಿಕೆ ನನಗೆ ಮೊನ್ನೆ ಮೊನ್ನೆಯವರೆಗೂ ಇತ್ತು. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಇತರರ ಫಾರ್ಮುಗಳಲ್ಲಿ ತಪ್ಪು ಹುಡುಕಿ ನಿವೃತ್ತನಾದವನು ನಾನು. ಹಾಗಾಗಿ ಹೆಂಡತಿ ಶಶಿಕಲಾ ತನ್ನ ಕೋಳಿ ಸುಕ್ಕದ ಮಸಾಲೆ ಪುಡಿಗೆ ಟ್ರೇಡ್‌ಮಾರ್ಕ್ ಮಾಡಿಸಬೇಕು, ಒಬ್ಬ ವಕೀಲರನ್ನು ನೋಡೋಣ ಎಂದಾಗ ನನಗೆ ಅವಮಾನವೇ ಆಯಿತು. ನಾನಿರುವಾಗ ವಕೀಲರೇ!

ಅವಳಿಗೆ ಅವಸರವಿತ್ತು. ಏಳು ವರ್ಷದಿಂದ ಬೋಳಾರದ ನಮ್ಮ ಅಡುಗೆಮನೆಯಲ್ಲಿ ಹುರಿದು ಪುಡಿ ಮಾಡಿ, ತಾಯಿಯ ಕಡೆಯಿಂದ ಬಂದ ತನ್ನ ತರವಾಡು ಮನೆಯಾದ ‘ಬೈಲಬರಿ ಗುತ್ತಿ’ನ ಹೆಸರಿನಲ್ಲಿ ಮಾರುತ್ತಿದ್ದಳು. ಈಗ ಕೂಳೂರಿನ ಅಂಗಡಿಯೊಂದರಲ್ಲಿ ಅದೇ ಹೆಸರಿನ ಬೇರೆ ಯಾರದೋ ಪ್ಯಾಕೆಟ್ ಕಾಣಿಸಿಕೊಂಡಿತ್ತು. ಹೆಸರು ಕೈತಪ್ಪಿದರೆ ಗಿರಾಕಿಗಳೂ ಹೋದಂತೆಯೇ.

ಕಂಪ್ಯೂಟರಿನ ಮುಂದೆ ಕುಳಿತೆ. ಅರ್ಜಿದಾರರ ಹೆಸರು ಕೇಳಿತು. ಗ್ಯಾಸ್, ಕರೆಂಟು, ನೀರು ಎಲ್ಲವೂ ನನ್ನ ಹೆಸರಿನಲ್ಲಿರುವ ಮನೆಯಲ್ಲಿ ಇದೂ ಒಂದು ಪ್ರಶ್ನೆಯೇ? ನನ್ನ ಹೆಸರು ಬರೆದೆ. ಈ ಬ್ರ್ಯಾಂಡನ್ನು ಯಾವಾಗಿನಿಂದ ಬಳಸುತ್ತಿದ್ದೀರಿ ಎಂದು ಕೇಳಿತು. ಹಳೆಯದು ಎಂದರೆ ದಾಖಲೆ ಹುಡುಕಬೇಕು. ‘ಇನ್ನು ಮುಂದೆ ಬಳಸಲಿದ್ದೇವೆ’ ಎಂಬುದನ್ನು ಒತ್ತಿದೆ. ಕೆಲಸ ಮುಗಿಯಿತು. ಇಂಥ ಸಾಧನೆ ನಾಲ್ಕು ಜನಕ್ಕೆ ತಿಳಿಯಲಿ ಎಂದು ಅರ್ಜಿಯ ಪ್ರತಿಯನ್ನು ಹೆಂಡತಿಯ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ.

ಮೊದಲ ಫೋನು ಫಳ್ನೀರಿನಿಂದ ಬಂತು. ಶಶಿಕಲಾಳ ಸೋದರಮಾವ, ಗುತ್ತಿನ ಯಜಮಾನರು. ಯಾವಾಗಲೂ ತುಳುವಿನಲ್ಲಿ ಮಾತಾಡುವವರು ಅಂದು ಕನ್ನಡಕ್ಕೆ ಇಳಿದರು. ಆಗಲೇ ನನಗೆ ವಿಷಯ ಗಂಭೀರ ಎಂದು ತಿಳಿಯಬೇಕಿತ್ತು.

“ಅಲ್ಲ ಮಾರಾಯ, ನಮ್ಮದು ಅಳಿಯಕಟ್ಟು. ನನ್ನ ಸ್ವಂತ ಮಗನಿಗೇ ಆ ಗುತ್ತಿನಲ್ಲಿ ಹಕ್ಕಿಲ್ಲ. ನೀನು ಯಾವ ಬಾಗಿಲಿಂದ ಒಳಗೆ ಬಂದೆ?”

ನಾನು ತೊದಲಿದೆ. ನಮ್ಮಲ್ಲಿ ಮನೆತನ ತಾಯಿಯಿಂದ ಮಗಳಿಗೆ ಸಾಗುವುದು. ಆ ಮನೆಯ ಹೆಣ್ಣನ್ನು ಮದುವೆಯಾದ ಗಂಡಸಿಗೆ ಅಲ್ಲಿ ಸಿಗುವುದು ಮರ್ಯಾದೆ ಮತ್ತು ಕೋಳಿಯ ಒಳ್ಳೆಯ ತುಂಡು, ಅಷ್ಟೇ. ಇಷ್ಟು ವರ್ಷ ಆ ತುಂಡು ತಿಂದವನಿಗೆ ಇದು ಹೊಳೆಯಲಿಲ್ಲ ಎಂದರೆ ಯಾರು ನಂಬುತ್ತಾರೆ?

ಮಾವನ ಸಿಟ್ಟನ್ನಾದರೂ ತಡೆದುಕೊಳ್ಳಬಹುದಿತ್ತು. ಶಶಿಕಲಾ ಸಿಟ್ಟಾಗಲಿಲ್ಲ. ಕನ್ನಡಕ ಹಾಕಿಕೊಂಡು ಇಡೀ ಅರ್ಜಿ ಓದಿದಳು.

“ಇದರಲ್ಲಿ ‘ಇನ್ನು ಮುಂದೆ’ ಅಂತ ಉಂಟಲ್ಲ, ಹಾಗಾದರೆ ಇಷ್ಟು ವರ್ಷ ನಾನು ಹುರಿದದ್ದು ಎಂತ?” ಎಂದು ಮೆಲ್ಲಗೆ ಕೇಳಿದಳು.

ನಿಜವಾಗಿ ನಾಚಿಕೆಯಾಯಿತು. ಕೂಳೂರಿನವರು ಪೂರ್ತಿ ಕದಿಯುವ ಮೊದಲೇ ನಾನು ಮನೆಯೊಳಗೆ ಕುಳಿತು, ಶುಲ್ಕ ಕಟ್ಟಿ, ಅವಳ ಹೆಸರನ್ನು ಕದ್ದಿದ್ದೆ. ಮೋಸ ಮಾಡುವ ಯೋಚನೆ ನನಗಿರಲಿಲ್ಲ. ಆದರೆ ಅವಳ ಯೋಚನೆಯೂ ಇರಲಿಲ್ಲ.

ಕೊನೆಗೆ ವಕೀಲರ ಬಳಿಗೇ ಹೋದೆವು. ನನ್ನ ಅರ್ಜಿ ಹಿಂತೆಗೆದುಕೊಂಡು ಶಶಿಕಲಾಳ ಹೆಸರಿನಲ್ಲಿ ಹೊಸದು ಹಾಕಬೇಕು, ಕೂಳೂರಿನವರಿಗಿಂತ ಮೊದಲಿನದು ಎಂದು ತೋರಿಸಲು ಏಳು ವರ್ಷದ ಬಳಕೆಗೆ ಅಫಿಡವಿಟ್ ಕೊಡಬೇಕು ಎಂದರು ಅವರು. ಶಶಿಕಲಾ ಹಳೆಯ ಲೇಬಲ್ಲು, ಬಿಲ್ಲುಗಳನ್ನೆಲ್ಲ ವರ್ಷವಾರು ಜೋಡಿಸಿ ಚೀಲದಲ್ಲಿ ತಂದಿದ್ದಳು. ಅವೆಲ್ಲ ಮನೆಯಲ್ಲೇ ಇದ್ದವು. ನಾನು ಕೇಳಿರಲಿಲ್ಲ.

ಅಫಿಡವಿಟ್ಟಿಗೆ ಒಬ್ಬರು ಸಾಕ್ಷಿ ಬೇಕು ಎಂದರು ವಕೀಲರು. ನೀವೇ ಹಾಕಿ ಎಂದು ಶಶಿಕಲಾ ಪೆನ್ನನ್ನು ನನ್ನ ಕಡೆ ಸರಿಸಿದಳು. ಅಷ್ಟಾದರೂ ನಂಬಿಕೆ ಉಳಿದಿದೆಯಲ್ಲ ಎಂದುಕೊಂಡು ಪೆನ್ನು ಕೈಗೆತ್ತಿಕೊಂಡೆ. ಠೀವಿಯಿಂದ, ದೊಡ್ಡದಾಗಿ ಸಹಿ ಹಾಕಿದೆ.

ವಕೀಲರು ಕಾಗದ ನೋಡಿ, ಹೊಸ ಸ್ಟಾಂಪ್ ಪೇಪರ್ ತರಲು ಹೇಳಿದರು. ನಾನು ಸಹಿ ಹಾಕಿದ್ದು ‘ಮಾಲಕರು’ ಎಂಬಲ್ಲಿ.