ಏಳಕ್ಕೊಂದು ಮನೆ

ಕಾಮಾಲೆ ಬರುವ ಹಿಂದಿನ ದಿನ ನನ್ನ ನಾದಿನಿ ಶಾಂತಾ ನಾಸಿಕದ ನಮ್ಮ ಮನೆಯ ಪಡಸಾಲೆಯಲ್ಲಿ, ಚಟ್ನಿ ಅರೆಯುವ ಗುಂಡುಕಲ್ಲನ್ನು ಬಟ್ಟೆಯ ಜೋಳಿಗೆಯಲ್ಲಿ ಮಲಗಿಸಿ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದ್ದಳು.

"ವೈನೀ, ಗುಂಡಪ್ಪ ಇವತ್ತೂ ಆರ ಪೌಂಡೇ ಇದ್ದಾನ ನೋಡ್ರಿ. ತಕ್ಕಡಿ ಸುಳ್ಳ ಹೇಳಂಗಿಲ್ಲ."

"ನಿನ್ನ ಗುಂಡಪ್ಪನ್ನ ಈ ಕಡೆ ಕೊಡವಾ. ಚಟ್ನಿ ಅರೀಬೇಕು," ಎಂದೆ.

ಶಾಂತಾ ಪುಣೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ರೋಗ, ಹುಟ್ಟು, ಸಾವುಗಳನ್ನು ಲೆಕ್ಕ ಹಾಕುವ ಶಾಸ್ತ್ರವಂತೆ. ನಾಸಿಕದ ಹತ್ತು ಗಲ್ಲಿಗಳಲ್ಲಿ ಎರಡು ವರ್ಷದೊಳಗಿನ ಕೂಸುಗಳನ್ನು ತೂಗಿ, ಎಷ್ಟು ಕೂಸು ಬಡಕಲಾಗಿವೆ ಎಂದು ಪ್ರಬಂಧ ಬರೆಯಬೇಕಿತ್ತು. ಎಲ್ಲ ಮನೆಗೂ ಹೋಗುವ ಹಾಗಿಲ್ಲ. ಕೂಸಿರುವ ಮನೆಗಳ ಪಟ್ಟಿ ಮಾಡಿ, ಏಳಕ್ಕೊಂದರಂತೆ ಆರಿಸಬೇಕು. ಒಂಬತ್ತು ಗಲ್ಲಿ ಮುಗಿದಿದ್ದವು. ಉಳಿದದ್ದು ನಮ್ಮದೊಂದೇ. ಅದರಲ್ಲಿ ಆರಿಸಿದ ಆರು ಮನೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದಳು.

ಮರುದಿನ ಅವಳ ಕಣ್ಣು ಹಳದಿಯಾದವು. ಮೂರು ವಾರ ಹಾಸಿಗೆ ಬಿಡಬಾರದೆಂದರು ಡಾಕ್ಟರು. ಪ್ರಬಂಧ ಒಪ್ಪಿಸಲು ಉಳಿದದ್ದು ಒಂದೇ ತಿಂಗಳು.

"ನಾ ಹೋಗ್ತೀನಿ ಬಿಡು," ಎಂದೆ. ನಾನು ಏಳನೆಯ ತರಗತಿ ಪಾಸಾದವಳು. ಏಳರವರೆಗೆ ಎಣಿಸಲು ಬೇರೆ ಯಾರು ಬೇಕು? ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಒಂದೇ ಮಧ್ಯಾಹ್ನ ನಲವತ್ತು ಮನೆ ಕರೆದು ಬಂದಿದ್ದೆ. ಇಲ್ಲಿ ಬರೀ ಆರು!

"ಚೀಟಿಯೊಳಗಿನ ಆರ ಮನಿ ಅಷ್ಟೇರಿ ವೈನೀ. ಹೆಚ್ಚಿಲ್ಲ, ಕಡಿಮಿಲ್ಲ, ಒಂದರ ಬದ್ಲಿ ಇನ್ನೊಂದಿಲ್ಲ."

"ಅಷ್ಟೂ ತಿಳಿಯಂಗಿಲ್ಲೇನು ನನಗ?"

ತಿಳಿಯಲಿಲ್ಲ!

ಮೊದಲ ಮನೆ ಸುಸೂತ್ರವಾಗಿ ಮುಗಿಯಿತು. ತಕ್ಕಡಿ ಹಿಡಿದು ಹೊರಬಂದರೆ ಪಕ್ಕದ ಮನೆಯ ಸುಮನತಾಯಿ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. "ಕಾಯ್ ಹೋ ವಹಿನಿ, ಆಮ್ಚ್ಯಾ ಘರೀ ನಾಹೀ ಕಾ?" ನಮ್ಮ ಮನೆಗೆ ಬರುವುದಿಲ್ಲವೇ ಎಂದು ಕೇಳಿದರೆ ಏನು ಹೇಳಲಿ? ಕುಂಕುಮಕ್ಕೆ ಕರೆಯಲು ಹೋದವಳು ನಡುವಿನ ಮನೆ ಬಿಟ್ಟು ಮುಂದೆ ಹೋದದ್ದುಂಟೇ! ಒಳಗೆ ಹೋದೆ. ಅದನ್ನು ಎದುರು ಮನೆಯವರು ನೋಡಿದರು. ಆಮೇಲೆ ನಾನು ಗಲ್ಲಿಯಲ್ಲಿ ನಡೆಯಲಿಲ್ಲ. ಗಲ್ಲಿಯೇ ನನ್ನನ್ನು ನಡೆಸಿತು.

ಒಬ್ಬ ತಾಯಿ, ದೃಷ್ಟಿಯಾಗುತ್ತದೆ, ಎರಡು ಪೌಂಡು ಕಡಿಮೆ ಬರೆಯಿರಿ ಎಂದಳು. ಇನ್ನೊಬ್ಬಳು, ನಮ್ಮ ವಾರಗಿತ್ತಿಯ ಮಗನಿಗಿಂತ ಒಂದು ಪೌಂಡಾದರೂ ಹೆಚ್ಚಿರಲಿ ಎಂದಳು. ಉಭಯ ಕಕ್ಷಿಗಳ ಮನವಿಯನ್ನೂ ಸಹಾನುಭೂತಿಯಿಂದ ಪರಿಶೀಲಿಸಿ ಮಂಜೂರು ಮಾಡಿದೆ! ಚೀಟಿಯಲ್ಲಿದ್ದ ಒಂದು ಮನೆಗೆ ಬೀಗ ಹಾಕಿತ್ತು. ಅದರ ಬದಲು ಉಡುಪಿ ಹೋಟೆಲಿನವರ ಮನೆಯ ವನಜಕ್ಕ ಕೈ ಹಿಡಿದೆಳೆದರು. "ಬನ್ನಿ ಮಾರಾಯ್ರೆ, ಒಂದು ಲೋಟ ಕಾಫಿ ಕುಡಿದು ನಮ್ಮ ಮಾಣಿಯನ್ನೂ ತೂಗಿ." ಆ ಮಾಣಿಗೆ ತಕ್ಕಡಿಯ ಮುಳ್ಳು ಕೊನೆಗೆ ಹೋಗಿ ನಿಂತಿತು.

ಚೀಟಿಯ ಮೂರನೆಯ ಹೆಸರು ಕಮಲಾಬಾಯಿಯದು. ನಳದ ಸರದಿಗಾಗಿ ಜಗಳವಾಗಿ, ಬೇಸಿಗೆಯಿಂದ ನಮ್ಮಿಬ್ಬರಿಗೆ ಮಾತಿರಲಿಲ್ಲ. ಆಕೆ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದು ನಿಂತಳು. ನಾನು ಆಕಾಶದಲ್ಲಿ ಏನೋ ನೋಡುತ್ತ ದಾಟಿಹೋದೆ.

ಸಂಜೆ ಮನೆಗೆ ಬಂದಾಗ ಉಡಿಯಲ್ಲಿ ನಾಲ್ಕು ತೆಂಗಿನಕಾಯಿ, ಹಣೆಯ ಮೇಲೆ ಬೆರಳು ದಪ್ಪ ಕುಂಕುಮ. ಆರು ಫಾರಂ ಸಾಲದೆ ಕ್ಯಾಲೆಂಡರಿನ ಹಿಂಬದಿಯಲ್ಲೂ ಬರೆದಿದ್ದೆ. ಒಟ್ಟು ಮೂವತ್ತೊಂದು ಮನೆ!

ನಮ್ಮವರು ನೋಡಿ, "ಕೂಸು ತೂಗಾಕ ಹೋಗಿದ್ಯೋ, ಉಡಿ ತುಂಬಿಸಿಕೊಳ್ಳಾಕ ಹೋಗಿದ್ಯೋ?" ಎಂದರು.

ಶಾಂತಾ ಮಲಗಿದಲ್ಲೇ ಕಾಗದಗಳನ್ನು ಓದಿದಳು. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. "ವೈನೀ, ಇದನ್ನ ಓದಿದ್ರ ನಾಸಿಕದಾಗ ಒಂದೂ ಬಡಕಲ ಕೂಸಿಲ್ಲ. ದವಾಖಾನಿ ಮುಚ್ಚಿ ಎಲ್ಲಾರೂ ಮನೀಗೆ ಹೋಗಬಹುದು." ಆಮೇಲೆ ಚೀಟಿ ನೋಡಿದಳು. "ಕಮಲಾಬಾಯಿದು ಎಲ್ಲೈತ್ರಿ?"

"ಆಕಿ ಸಂಗಾಟ ನಂದು ಮಾತಿಲ್ಲ."

"ಆ ಕೂಸಿನ ಸಂಗಾಟನೂ ಇಲ್ಲೇನು?"

ನಾನು ತೆಂಗಿನಕಾಯಿಗಳನ್ನು ಒಳಗಿಡಲು ಎದ್ದೆ. ಅಡುಗೆಮನೆಯಿಂದಲೇ, "ದಿನಾ ನೋಡ್ತೀನಿ ಅದನ್ನ. ಹನ್ನೊಂದ ಪೌಂಡ ಅಂತ ಬರಕೋ, ಯಾರು ಕೇಳ್ತಾರ?" ಎಂದೆ.

"ನಾ ಕೇಳ್ತೀನ್ರಿ," ಎಂದಳು. ದನಿ ಎತ್ತರಿಸಲಿಲ್ಲ. ಎತ್ತರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುದಿನ ಸರಿಯಾಗಿ ಹೋಗಿ ಬರುತ್ತೇನೆಂದೆ. ಬೆಳಿಗ್ಗೆ ನೋಡಿದರೆ ವನಜಕ್ಕನ ಮಾಣಿಯ ಭಾರಕ್ಕೆ ಸ್ಪ್ರಿಂಗ್ ಸಡಿಲಾಗಿ, ತಕ್ಕಡಿಯ ಮುಳ್ಳು ಇನ್ನೂ ಆ ಕಡೆಯೇ ವಾಲಿತ್ತು. ಗುಂಡಪ್ಪ ಒಂಬತ್ತು ಪೌಂಡು! ರಿಪೇರಿಯಾಗಿ ಬರುವಷ್ಟರಲ್ಲಿ ಶಾಂತಾಳ ತಿಂಗಳು ಮುಗಿದಿತ್ತು. ಅವಳು ನಮ್ಮ ಗಲ್ಲಿಯ ಸಾಲನ್ನು ಖಾಲಿ ಬಿಟ್ಟೇ ಪ್ರಬಂಧ ಒಪ್ಪಿಸಿದಳು. ಫಸ್ಟ್ ಕ್ಲಾಸ್ ಬರಬೇಕಾದವಳಿಗೆ ಸೆಕೆಂಡ್ ಕ್ಲಾಸ್ ಬಂತು. ಆ ಖಾಲಿ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿದ್ದಳು. ನಮ್ಮವರು ಓದಿ ಹೇಳಿದರು: ತೂಗಿದವರ ತಪ್ಪಲ್ಲ, ಸರಿಯಾಗಿ ಹೇಳಿಕೊಡದ ನನ್ನ ತಪ್ಪು.

ದೀಪಾವಳಿಗೆ ಬರುತ್ತೇನೆ, ಇಬ್ಬರೂ ಕೂಡಿ ನಮ್ಮ ಗಲ್ಲಿ ಮುಗಿಸೋಣ ಎಂದು ಪತ್ರ ಬರೆದಿದ್ದಳು. ದಸರೆಯ ಹೊತ್ತಿಗೆ ಕಾಮಾಲೆ ಮತ್ತೆ ಬಂತು. ಶಾಂತಾ ದೀಪಾವಳಿ ನೋಡಲಿಲ್ಲ.

ವರ್ಷದ ಕಾರ್ಯ ಮುಗಿದ ಮೇಲೆ ಒಂದು ದಿನ ಗುಂಡುಕಲ್ಲನ್ನು ತೂಗಿದೆ. ಆರು ಪೌಂಡು. ಚೀಟಿ ತೆಗೆದುಕೊಂಡು ಆರೇ ಮನೆಗೆ ಹೋದೆ. ಸುಮನತಾಯಿ ಕರೆದರು, ಕೈಮುಗಿದು ಮುಂದೆ ನಡೆದೆ. ಈಗ ಅವರೂ ನನ್ನೊಡನೆ ಮಾತು ಬಿಟ್ಟಿದ್ದಾರೆ! ಕಮಲಾಬಾಯಿ ಏನೂ ಕೇಳದೆ ಬಾಗಿಲು ತೆರೆದಳು. ಅವಳ ಕೂಸು ಎರಡು ವರ್ಷ ದಾಟಿತ್ತು. ಜೋಳಿಗೆಯಲ್ಲಿ ಕೂರಲು ಒಪ್ಪದೆ ನನ್ನ ಮೂಗಿಗೆ ಒದ್ದು ಓಡಿಹೋಯಿತು.

ನಾನು ಆಕಾಶ ನೋಡಿದ ದಿನ ಆ ಕೂಸಿನ ತೂಕ ಎಷ್ಟಿತ್ತೋ ಯಾರಿಗೂ ಗೊತ್ತಿಲ್ಲ. ಶಾಂತಾಳ ಪುಸ್ತಕದಲ್ಲಿ ನಮ್ಮ ಗಲ್ಲಿಯ ಸಾಲು ಖಾಲಿ ಇದೆ.